‘ಬಸುರಿ ಏಡಿ’ ಎನ್ನಬಹುದೇ?

ಮಾನ್ಯರೇ,

ಕರಾವಳಿಯ ಮೀನುಗಾರರಿಗಾಗಿ ಸಿದ್ಧವಾಗುತ್ತಿರುವ ಕರಪತ್ರವೊಂದನ್ನು ಕನ್ನಡಕ್ಕೆ ತರುವಾಗ ಒಂದೇ ಒಂದು ಪದ ನನ್ನನ್ನು ತಡೆದು ನಿಲ್ಲಿಸಿದೆ. ಬಲೆಗೆ ಬಿದ್ದ ‘ಬೆರಿಡ್’ ಏಡಿಯನ್ನು, ಅಂದರೆ ಹೊಟ್ಟೆಯಡಿ ಮೊಟ್ಟೆಗಳ ಗೊಂಚಲಿರುವ ಏಡಿಯನ್ನು, ಕಡಲಿಗೇ ಮರಳಿ ಬಿಡಿ ಎಂಬುದು ಆ ಕರಪತ್ರದ ತಿರುಳು. ಮೊದಲ ಕರಡಿನಲ್ಲಿ ‘ಬಸುರಿ ಏಡಿ’ ಎಂದು ಬರೆದಿದ್ದೆ. ಅದು ತಪ್ಪು ಎಂದು ಈಗ ನನಗೆ ಖಚಿತವಾಗಿದೆ.

ನಮ್ಮ ಮಾರುಕಟ್ಟೆಗಳಲ್ಲಿ ಸಿಗುವ, ಬೆನ್ನ ಮೇಲೆ 3 ಚುಕ್ಕೆಗಳಿರುವ ಪೋರ್ಟುನಸ್ ಸ್ಯಾಂಗ್ವಿನೊಲೆಂಟಸ್ ಏಡಿಯನ್ನೇ ನೋಡೋಣ. ಹೆಣ್ಣು ಚಿಪ್ಪು ಕಳಚಿ ಮೈ ಮೆತ್ತಗಿರುವಾಗ ಗಂಡು ಅದನ್ನು ಕೂಡುತ್ತದೆ. ಆಗ ಪಡೆದ ವೀರ್ಯವನ್ನು ಹೆಣ್ಣು ಒಳಗಿನ ಚೀಲಗಳಲ್ಲಿ ಕೂಡಿಟ್ಟುಕೊಳ್ಳುತ್ತದೆ. ಆಮೇಲೆ ಅಂಡಾಶಯ ತುಂಬುತ್ತ ಬರುತ್ತದೆ. ಬೇಯಿಸಿದ ಏಡಿಯ ಬೆನ್ನಚಿಪ್ಪು ಎತ್ತಿದಾಗ ಕಾಣುವ, ಮಕ್ಕಳು ತಮಗೇ ಬೇಕೆಂದು ಹಟ ಹಿಡಿಯುವ ಕಿತ್ತಳೆ ಬಣ್ಣದ ಗಟ್ಟಿ ಭಾಗ ಅದೇ. ಆಡುಮಾತಿನಲ್ಲಿ ಇದೂ ‘ಮೊಟ್ಟೆ’ಯೇ, ಆದರೆ ಇವು ಇನ್ನೂ ಫಲಿತವಾಗದ ಅಂಡಗಳು. ಹೊರಬರುವಾಗಲಷ್ಟೇ ಇವು ಕೂಡಿಟ್ಟ ವೀರ್ಯದಿಂದ ಫಲಿತವಾಗಿ, ಹೊಟ್ಟೆಯಡಿ ಮಡಚಿಕೊಂಡ ಅಗಲವಾದ ಮುಚ್ಚಳದ ಒಳಬದಿಯ 4 ಜೊತೆ ಕಿರುಗಾಲುಗಳ ರೋಮಗಳಿಗೆ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಗೊಂಚಲಾಗಿ ಅಂಟಿಕೊಳ್ಳುತ್ತವೆ. ಮೊದಲು ಹಳದಿ ಅಥವಾ ಕಿತ್ತಳೆಯಾಗಿರುವ ಆ ಗೊಂಚಲು, ಒಳಗಿನ ಹಳದಿ ಲೋಳೆ ಕರಗಿ ಮರಿಗಳ ಕಣ್ಣು ಮೂಡುತ್ತಿದ್ದಂತೆ ಕಂದಾಗಿ, ಒಡೆಯುವ ಹೊತ್ತಿಗೆ ಕಪ್ಪಾಗುತ್ತದೆ. ಬೆರಿಡ್ ಎನ್ನುವುದು ಈ ಹೊರಗಿನ ಸ್ಥಿತಿಯನ್ನು ಮಾತ್ರ.

ಹೀಗಿರುವಾಗ ‘ಬಸುರಿ’ ಎರಡಕ್ಕೂ ಹೊಂದದು: ಒಳಗಿರುವಾಗ ಮೊಟ್ಟೆ ಫಲಿತವಾಗಿಲ್ಲ, ಫಲಿತವಾದ ಮೇಲೆ ಅದು ಬಸುರಿನಲ್ಲಿಲ್ಲ. ‘ಗಬ್ಬ’ ದನಕರುಗಳಿಗೆ ಸಲ್ಲುವ ಮಾತು. ಬರಿಯ ‘ಮೊಟ್ಟೆ ಇರುವ ಏಡಿ’ ಎಂದರೆ, ಚಿಪ್ಪು ಬಿಚ್ಚಿ ನೋಡದೆ ತಿಳಿಯದ ಏಡಿಯನ್ನೂ ಬಿಡಬೇಕೇ ಎಂದು ಮೀನುಗಾರರು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ‘ಅಂಡಧಾರಿಣಿ’ ಎಂದು ಸಂಸ್ಕೃತದಿಂದ ಕಟ್ಟಬಹುದು. ದಕ್ಕೆಯಲ್ಲಿ ಬಲೆ ಬಿಡಿಸುತ್ತ ಕೂತವರ ಬಾಯಲ್ಲಿ ಅದು ನಿಲ್ಲಲಾರದು.

ಭತ್ತ ಹಾಲುಗಟ್ಟುತ್ತದೆ, ಜೋಳ ಕಾಳುಕಟ್ಟುತ್ತದೆ. ಅದೇ ಜಾಡಿನಲ್ಲಿ, ಅಂಡಾಶಯ ತುಂಬಿದ್ದನ್ನು ‘ಮೊಟ್ಟೆಗಟ್ಟಿದ ಏಡಿ’ ಎಂದೂ, ಗೊಂಚಲು ಹೊರಗೆ ಕಾಣುವುದನ್ನು ‘ಮೊಟ್ಟೆ ಹೊತ್ತ ಏಡಿ’ ಎಂದೂ ಬೇರ್ಪಡಿಸಬಹುದೆಂದು ನನಗೆ ತೋರುತ್ತದೆ. ಆದರೂ ಹೊಸದಾಗಿ ಕಟ್ಟುವ ಮೊದಲು ಇರುವುದನ್ನು ಕೇಳಿ ತಿಳಿಯುವುದು ಸರಿ. ಏಡಿಯನ್ನು ತುಳುವಿನಲ್ಲಿ ಡೆಂಜಿ, ಕೊಂಕಣಿಯಲ್ಲಿ ಕುರ್ಲಿ ಎನ್ನುವ ಮನೆಗಳಲ್ಲಿ, ಕುಂದಾಪುರ, ಹೊನ್ನಾವರ, ಕಾರವಾರದ ಕಡೆಯ ಕನ್ನಡದಲ್ಲಿ, ಈ ಎರಡು ಸ್ಥಿತಿಗಳಿಗೆ ಬೇರೆ ಬೇರೆ ಮಾತುಗಳು ಬಳಕೆಯಲ್ಲಿವೆಯೇ? ಇದ್ದರೆ, ಅವನ್ನು ಆಡುವ ರೀತಿಯಲ್ಲೇ, ಒಂದು ಪೂರ್ಣ ವಾಕ್ಯದಲ್ಲಿ ಬರೆದು ತಿಳಿಸುವಿರಾ?