ಥ್ರಿಲ್ಲರ್‌ಗೆ ಕನ್ನಡ ಪದ ಬೇಕು, ಬುಧವಾರದೊಳಗೆ

ಸಾಗರದಿಂದ:

ಎಲ್ಲರಿಗೂ ನಮಸ್ಕಾರ. ನಮ್ಮೂರಲ್ಲಿ ನಾವು ನಾಲ್ಕು ಜನ ಸೇರಿ ಒಂದು ಸಣ್ಣ ವಾಚನಾಲಯ ನಡೆಸುತ್ತಿದ್ದೇವೆ. ಮಳೆ ಹಿಡಿಯುವ ಮುಂಚೆ ಕಪಾಟುಗಳನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದು, ಪುಸ್ತಕಗಳ ಬೂಷ್ಟು ಒರೆಸಿ, ಮತ್ತೆ ಜೋಡಿಸಿದ್ದಾಯಿತು. ಈಗ ಹಲಗೆ ಬರೆಸಬೇಕು. ಮೊದಲನೆಯದಕ್ಕೆ ‘ಪತ್ತೇದಾರಿ’, ಅದರಲ್ಲಿ ತಕರಾರಿಲ್ಲ. ಎರಡನೆಯದು ಥ್ರಿಲ್ಲರ್. ಮೂರನೆಯದು ಹೆಂಗಸರ ಬದುಕಿನ ಹೊಸ ಕಾದಂಬರಿಗಳು. ಈ ಎರಡಕ್ಕೂ ಪದ ಬೇಕು. ಹಲಗೆ ಎರಡೇ ಅಡಿ ಉದ್ದ. ಪೇಂಟರ್ ಬುಧವಾರ ಬೆಳಿಗ್ಗೆ ಬರುತ್ತಾನೆ.

ತೀರ್ಥಹಳ್ಳಿಯಿಂದ:

ಎರಡನೇ ಹಲಗೆಯೇ ಬೇಡ. ಎಲ್ಲವೂ ಪತ್ತೇದಾರಿಯೇ. ಎನ್. ನರಸಿಂಹಯ್ಯನವರು ನೂರಾರು ಕಾದಂಬರಿ ಬರೆದರು, ಪತ್ತೇದಾರ ಪುರುಷೋತ್ತಮನನ್ನು ಮನೆಮನೆಗೆ ಮುಟ್ಟಿಸಿದರು. ಓದುವವರಿಗೆ ಬೇರೆ ಪದ ಬೇಕು ಅಂತ ಅನಿಸಲಿಲ್ಲ. ಇರುವ ಕನ್ನಡ ಪದ ಬಿಟ್ಟು ಇಂಗ್ಲಿಷಿಗೆ ಜೋತುಬೀಳುವುದು ಯಾಕೆ?

ಸಾಗರದಿಂದ:

ಮೇಷ್ಟ್ರೇ, ಒಂದು ವ್ಯತ್ಯಾಸ ಇದೆ. ಪತ್ತೇದಾರಿಯಲ್ಲಿ ಕೊಂದವರು ಯಾರು ಅಂತ ಕೊನೆಯ ತನಕ ಹುಡುಕುತ್ತೇವೆ. ಥ್ರಿಲ್ಲರಿನಲ್ಲಿ ಕೆಲವು ಸಲ ಮೊದಲನೇ ಪುಟದಲ್ಲೇ ಗೊತ್ತಾಗಿಬಿಡುತ್ತದೆ. ಮುಂದೆ ಏನಾಗುತ್ತದೋ ಅನ್ನುವುದೇ ಅಲ್ಲಿ ಓಡಿಸುತ್ತದೆ. ‘ಜುಗಾರಿ ಕ್ರಾಸ್’ನಲ್ಲಿ ಏಲಕ್ಕಿ ಮಾರಲು ಹೊರಟ ಗಂಡ ಹೆಂಡತಿ ಇದ್ದಾರೆಯೇ ಹೊರತು ಪತ್ತೇದಾರ ಎಲ್ಲಿದ್ದಾನೆ? ಪತ್ತೇದಾರಿ ಅಂತ ಕೊಟ್ಟರೆ ಜನ ವಾಪಸ್ ತಂದು ಬೈಯುತ್ತಾರೆ.

ಶಿವಮೊಗ್ಗದಿಂದ:

‘ಇರುವ ಕನ್ನಡ ಪದ’ ಅಂದಿದ್ದು ಓದಿ ನಗು ಬಂತು. ‘ಪತ್ತೆ’ ಹಿಂದಿ-ಮರಾಠಿ ಕಡೆಯಿಂದ ಬಂದದ್ದು. ‘ದಾರ’ ಪಾರಸಿಯದು, ಜಮೀನ್ದಾರ, ಹವಾಲ್ದಾರರ ಬಾಲದಲ್ಲಿ ಇರುವುದೇ ಅದು. ತಲೆಯೂ ಸಾಲ, ಬಾಲವೂ ಸಾಲ. ಅಷ್ಟೇ ಅಲ್ಲ, ನಮ್ಮ ಮಲೆನಾಡಿನ ಆ ಕಾದಂಬರಿಯ ಹೆಸರು ನೋಡಿ. ‘ಜುಗಾರಿ’ಯೂ ಹೊರಗಿನದು, ‘ಕ್ರಾಸ್’ ಅಂತೂ ಇಂಗ್ಲಿಷೇ. ತೇಜಸ್ವಿಯವರಿಗೆ ಕನ್ನಡ ಬರುತ್ತಿರಲಿಲ್ಲ ಅನ್ನುತ್ತೀರಾ?

ಇನ್ನು ಥ್ರಿಲ್. ಹಳೆಯ ಇಂಗ್ಲಿಷಿನಲ್ಲಿ ಅದರ ಮೂಲ ಅರ್ಥ ತೂತು ಕೊರೆಯುವುದು. ಮೂಗಿನ ಹೊಳ್ಳೆಗೆ ಅವರು ಹೇಳುವ ‘ನಾಸ್ಟ್ರಿಲ್’ನಲ್ಲಿ ಇರುವ ‘ಟ್ರಿಲ್’ ಕೂಡ ಇದೇ ತೂತು. ಎದೆಗೆ ಕೊರೆದುಕೊಂಡು ಹೋಗುವುದು ಥ್ರಿಲ್. ಆದ್ದರಿಂದ ನನ್ನ ಸೂಚನೆ: ‘ಕೊರೆಗತೆ’. ಅಚ್ಚಗನ್ನಡ, ನಾಲ್ಕೇ ಅಕ್ಷರ, ಎರಡಡಿ ಹಲಗೆಗೆ ಹೇಳಿ ಮಾಡಿಸಿದ ಹಾಗಿದೆ.

ಹೊಸನಗರದಿಂದ:

ಅಯ್ಯೋ ಮಾರಾಯ್ರೇ! ತಲೆ ತಿನ್ನುವವನನ್ನು ನಾವು ಏನಂತೀವಿ? ‘ಕೊರೀತಾನೆ’ ಅಂತ ಅಲ್ವಾ? ಕೊರೆಗತೆ ಅಂತ ಬರೆದರೆ ಆ ಕಪಾಟಿನ ಹತ್ತಿರ ಒಬ್ಬರೂ ಸುಳಿಯುವುದಿಲ್ಲ.

ತೀರ್ಥಹಳ್ಳಿಯಿಂದ:

‘ನವಿರುಗತೆ’ ಅನ್ನಿ. ನವಿರು ಅಂದರೆ ಕೂದಲು, ಮೈನವಿರೇಳಿಸುವ ಕತೆ. ಪತ್ತೇದಾರಿ ಪಾರಸಿಯಂತೆ. ಇರಲಿ. ಬಂದು ಹಳೆಯದಾದ ಮೇಲೆ ಅದು ನಮ್ಮದೇ. ಇದನ್ನು ಬಿಡಿಸಿ ಹೇಳಬೇಕಾಗಿ ಬಂದದ್ದೇ ಬೇಸರ.

ಶಿವಮೊಗ್ಗದಿಂದ:

‘ನವಿರಾದ ಹಾಸ್ಯ’ ಅಂದರೆ ಏನು ಮೇಷ್ಟ್ರೇ? ಮೃದುವಾದದ್ದು. ಕೊಲೆ, ರಕ್ತ ಇರುವ ಕಪಾಟಿಗೆ ನವಿರು ಅಂತ ಬರೆದರೆ ಪುಟ್ಟ ಮಕ್ಕಳು ಬಂದು ಎತ್ತಿಕೊಳ್ಳುತ್ತಾರೆ. ಹಳೆಯದಾದರೆ ನಮ್ಮದು ಅನ್ನುವುದಾದರೆ, ಥ್ರಿಲ್ಲರ್ ಇನ್ನೆಷ್ಟು ವರ್ಷ ಜಗಲಿಯಲ್ಲೇ ಕೂತಿರಬೇಕು? ಲೆಕ್ಕ ಹೇಳಿ.

ತೀರ್ಥಹಳ್ಳಿಯಿಂದ:

ಲೆಕ್ಕ ಹೇಳುವ ಪುರಸೊತ್ತು ನನಗಿಲ್ಲ.

ಹೊಸನಗರದಿಂದ:

ನಿಮ್ಮ ಜಗಳ ಹಾಗಿರಲಿ, ಮೂರನೇ ಹಲಗೆಯ ಬಗ್ಗೆ ಯಾರೂ ಮಾತೇ ಆಡಲಿಲ್ಲವಲ್ಲ! ದಯವಿಟ್ಟು ‘ಮಹಿಳಾ ಕಾದಂಬರಿ’ ಅಂತ ಬರೆಸಬೇಡಿ. ಹೆಂಗಸರು ಬರೆದದ್ದೋ, ಹೆಂಗಸರ ಬಗ್ಗೆ ಬರೆದದ್ದೋ, ಹೆಂಗಸರು ಮಾತ್ರ ಓದಬೇಕಾದದ್ದೋ? ‘ಗಂಡಸರ ಕಾದಂಬರಿ’ ಅಂತ ಒಂದು ಕಪಾಟು ಇದೆಯಾ ನಿಮ್ಮಲ್ಲಿ? ಒಂದು ಕಾಲದಲ್ಲಿ ಇಂಥದ್ದಕ್ಕೆಲ್ಲ ‘ಅಡುಗೆಮನೆ ಸಾಹಿತ್ಯ’ ಅಂತ ಮೂಗು ಮುರಿದರು. ಎಂ.ಕೆ. ಇಂದಿರಾ ತೀರ್ಥಹಳ್ಳಿಯವರೇ. 1976ರ ‘ಫಣಿಯಮ್ಮ’ ಎಳೆ ವಯಸ್ಸಿನಲ್ಲೇ ವಿಧವೆಯಾದ ಹುಡುಗಿಯ ಕತೆ. ಅದನ್ನು ನಮ್ಮ ಮನೆಯಲ್ಲಿ ಮೊದಲು ಓದಿದ್ದು ಅಪ್ಪ. ಅಡಕೆ ಸುಲಿಯುವುದನ್ನು ಬಿಟ್ಟು, ಮೆಟ್ಟುಗತ್ತಿಯ ಪಕ್ಕದಲ್ಲೇ ಕೂತು ಓದಿದರು. ಅದನ್ನು ಯಾವ ಕಪಾಟಿಗೆ ಹಾಕುತ್ತೀರಿ?

ಶಿವಮೊಗ್ಗದಿಂದ:

ಅಕ್ಕ, ಅದಕ್ಕೆ ಬರೀ ‘ಕಾದಂಬರಿ’ ಅಂತ ಬರೆದರೆ ಸಾಕು. ಯಾಕೆ ಅಂದರೆ ಕಾದಂಬರಿ ಅನ್ನುವುದೇ ಒಬ್ಬ ಹೆಣ್ಣಿನ ಹೆಸರು. ಬಾಣಭಟ್ಟ 7ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ಕತೆಯ ನಾಯಕಿ ಅವಳು. ನಾಗವರ್ಮ ಅದನ್ನು ‘ಕರ್ಣಾಟಕ ಕಾದಂಬರಿ’ ಅಂತ ಚಂಪುವಿಗೆ ತಂದ. ನಾವೂ ಮರಾಠಿಯವರೂ ಅವಳ ಹೆಸರನ್ನೇ ಇಡೀ ಪ್ರಕಾರಕ್ಕೆ ಇಟ್ಟುಬಿಟ್ಟೆವು. ಹೀಗಿರುವಾಗ ‘ಮಹಿಳಾ’ ಅಂತ ಇನ್ನೊಂದು ಸಲ ಯಾಕೆ?

ತೀರ್ಥಹಳ್ಳಿಯಿಂದ:

ಇದೂ ಸಂಸ್ಕೃತ.

ಸಾಗರದಿಂದ:

ಪೇಂಟರ್ ಬಂದು ಹೋದ. ಎರಡನೆಯದಕ್ಕೆ ಕೊನೆಗೆ ‘ಥ್ರಿಲ್ಲರ್’ ಅಂತಲೇ ಬರೆಸಿದೆ, ಮೇಷ್ಟ್ರು ಕ್ಷಮಿಸಬೇಕು. ಬಂದು ಕೇಳುವವರು ಹಾಗೇ ಕೇಳುತ್ತಾರೆ. ನಮ್ಮ ಬೀದಿಯ ಅಜ್ಜಿಯೊಬ್ಬರು ಮಾತ್ರ ‘ನಿದ್ದೆ ಕೆಡಿಸೋ ಪುಸ್ತಕ ಕೊಡು’ ಅನ್ನುತ್ತಾರೆ. ನಿಮ್ಮೆಲ್ಲರ ಪದಗಳಿಗಿಂತ ಅದು ನನಗೆ ಜಾಸ್ತಿ ಹಿಡಿಸಿತು. ಹಲಗೆಗೆ ಉದ್ದವಾಯಿತು, ಅಷ್ಟೇ. ಒತ್ತಕ್ಷರ ಹಲಗೆಯ ಅಂಚಿಗೆ ತಗುಲುತ್ತದೆ ಅಂತ ಪೇಂಟರ್ ಗೊಣಗಿದ. ‘ಥ್ರಿ’ಯ ಕೆಳಗಿನ ಬಾಲ ಸ್ವಲ್ಪ ಮೊಟಕಾಗಿದೆ.

ಮೂರನೆಯದು ಖಾಲಿ ಬಿಟ್ಟಿದ್ದೇನೆ. ಬಿಳಿ ಬಣ್ಣ ಬಳಿದು ಒಣಗಲು ಇಟ್ಟಿದೆ. ಮಳೆ ಬಂದಿದ್ದರಿಂದ ಇನ್ನೂ ಕೈಗೆ ಅಂಟುತ್ತಿದೆ. ಶನಿವಾರ ಮತ್ತೆ ಬರುತ್ತಾನಂತೆ. ಅಕ್ಕ, ನೀವೇ ಒಂದು ಪದ ಹೇಳಿ.