ಸರ್ ಕೈ ನಡುಗುತ್ತಿದೆ, ಏನು ಮಾಡೋದು?

ಹಾಸನ_ಬಿಡಿಎಸ್:
ಹಾಸನದಲ್ಲಿ ಹಿರಿಯ ದಂತವೈದ್ಯರೊಬ್ಬರ ಕ್ಲಿನಿಕ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಸರ್ ಕೈಗುಣ ಚೆನ್ನಾಗಿದೆ ಅಂತ ಆಲೂರು, ಸಕಲೇಶಪುರದಿಂದೆಲ್ಲ ಜನ ಬರುತ್ತಾರೆ. ಆದರೆ ಈಗೀಗ ಬೆಳಗ್ಗೆ ಹೊತ್ತು ಅವರ ಕೈ ನಡುಗುತ್ತೆ. ಮೊನ್ನೆ ಇಂಜೆಕ್ಷನ್ ಕೊಡುವಾಗ ಎಡಗೈಯಲ್ಲಿ ಬಲಗೈ ಮಣಿಕಟ್ಟು ಬಿಗಿಯಾಗಿ ಹಿಡಿದುಕೊಂಡಿದ್ದರು, ಪೇಷಂಟ್ ಕೆನ್ನೆ ಎಳೆದು ಹಿಡಿಯೋಕೆ ನಾನು ಓಡಬೇಕಾಯಿತು. ಮಧ್ಯಾಹ್ನ ಊಟ ಮುಗಿಸಿ ಬಂದರೆ ನಡುಕ ಮಾಯ, ಬಾಯಲ್ಲಿ ಮೌತ್‌ವಾಶ್ ಘಮ. ಅರ್ಥ ಆಯ್ತಲ್ವಾ? ದಂತವೈದ್ಯರ ನೋಂದಣಿ ನೋಡಿಕೊಳ್ಳುವ ಡೆಂಟಲ್ ಕೌನ್ಸಿಲ್‌ಗೆ ಬರೆದರೆ ಸರ್ ರಿಜಿಸ್ಟ್ರೇಷನ್ನೇ ಹೋದೀತು ಅಂತ ಭಯ. ಸುಮ್ನಿದ್ರೆ ಪೇಷಂಟ್‌ಗೆ ಏನಾದರೂ ಆದೀತು. ಹೊರದೇಶದಲ್ಲಿ ಇಂಥವರಿಗೇ ಅಂತ ವ್ಯವಸ್ಥೆ ಇದೆಯಂತೆ, ನಮ್ಮ ಕಡೆ ದಾರಿ ಏನು?

ಮೂಡಿಗೆರೆ_ಮಳೆ:
ಕುಡಿತ ಬಿಡಿಸೋ ಮಾತ್ರೆ ಸಿಗುತ್ತೆ. ಪುಡಿ ಮಾಡಿ ಕಾಫಿಗೆ ಹಾಕಿ ಕೊಡಲು ಮನೆಯವರಿಗೆ ಹೇಳಿ. ನಮ್ಮ ಚಿಕ್ಕಪ್ಪ ಹಾಗೇ ಬಿಟ್ಟಿದ್ದು.

ಮನೋವೈದ್ಯೆ_ಚಿಕ್ಕಮಗಳೂರು:
ದಯವಿಟ್ಟು ಬೇಡ! ಅದು ಡೈಸಲ್ಫಿರಾಂ. ತಗೊಳ್ಳುವವರಿಗೆ ಗೊತ್ತಿಲ್ಲದೆ ಕೊಟ್ಟು, ಅವರು ಅದರ ಮೇಲೆ ಕುಡಿದರೆ ಬಿಪಿ ಕುಸಿದು ಜೀವಕ್ಕೇ ಅಪಾಯ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪ್ರಭಾವ ಇರಬಹುದು. ಆಲ್ಕೋಹಾಲ್ ಇರುವ ಮೌತ್‌ವಾಶ್‌ನಿಂದಲೂ ತೊಂದರೆ ಆಗಬಹುದು, ಅದು ನಿಮ್ಮ ಕ್ಲಿನಿಕ್‌ನಲ್ಲೇ ಕೈಗೆ ಸಿಗುತ್ತೆ ನೋಡಿ.

ಇನ್ನೊಂದು ಮಾತು. ಬೆಳಗ್ಗೆ ನಡುಗಿ, ಕುಡಿದ ಮೇಲೆ ಸರಿಹೋಗುತ್ತೆ ಅಂದರೆ ದೇಹ ಅದಕ್ಕೇ ಒಗ್ಗಿದೆ ಅಂತ. "ನಾಳೆಯಿಂದ ಬಿಟ್ಟೆ" ಅಂತ ಮನೆಯಲ್ಲೇ ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಆಮೇಲೆ ಬುದ್ಧಿ ಸ್ಥಿಮಿತ ತಪ್ಪಿ ಏನೇನೋ ಕಾಣಿಸುವ ಸ್ಥಿತಿಗೂ ಹೋಗಬಹುದು. ಆಸ್ಪತ್ರೆಯಲ್ಲೇ ನಿಲ್ಲಿಸಬೇಕು. ಹಾಸನದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್ ಇದೆ. ಊರಿನವರ ಕಣ್ಣಿಗೆ ಬೀಳೋದು ಬೇಡ ಅಂದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗ ಇದೆ. ಮೊದಲು ಫೋನಲ್ಲಿ ಮಾತಾಡಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಕುಡಿತದ ಕಾಯಿಲೆಯೂ ಸೇರಿದೆ, 23ನೇ ಸೆಕ್ಷನ್ ಪ್ರಕಾರ ವಿಷಯ ಗುಟ್ಟಾಗಿರಬೇಕು. ಚಿಕಿತ್ಸೆ ತಗೊಂಡಿದ್ದಕ್ಕೇ ಲೈಸೆನ್ಸ್ ಹೋಗುತ್ತೆ ಅನ್ನೋ ಭಯದಲ್ಲಿ ಕಾಯಬೇಡಿ.

ಕೊಪ್ಪದಿಂದ_ಲಂಡನ್:
ಇಲ್ಲಿ ಡೆಂಟಿಸ್ಟ್ ನಾನು. 2008ರಲ್ಲಿ ಲಂಡನ್‌ನಲ್ಲಿ ಡಾಕ್ಟರ್‌ಗಳಿಗೆ, ಡೆಂಟಿಸ್ಟ್‌ಗಳಿಗೆ ಅಂತಲೇ ಗುಟ್ಟಾಗಿ ಚಿಕಿತ್ಸೆ ಕೊಡುವ ಸೇವೆ ಶುರುವಾಯಿತು. ಚಟದಿಂದ ಹೊರಬರುತ್ತಿರುವ ವೈದ್ಯರೂ ದಂತವೈದ್ಯರೂ ತಾವೇ ಸೇರಿ ಕೂತು ಮಾತಾಡುವ ಗುಂಪುಗಳೂ ಇವೆ. ಅಮೆರಿಕದಲ್ಲಿ 16 ರಾಜ್ಯಗಳ ಇಂಥ ಕಾರ್ಯಕ್ರಮಗಳಿಗೆ ಸೇರಿದ 904 ವೈದ್ಯರ ಅಧ್ಯಯನ 2008ರಲ್ಲೇ ಬಂತು, ಐದು ವರ್ಷದ ನಂತರ ಮಾಹಿತಿ ಸಿಕ್ಕವರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಜನ ಲೈಸೆನ್ಸ್ ಉಳಿಸಿಕೊಂಡು ಕೆಲಸದಲ್ಲಿದ್ದರು. ಡೆಂಟಿಸ್ಟ್‌ಗಳ ಲೆಕ್ಕ ಅಲ್ಲ ಅದು, ಆದರೂ ಗೆಲುವಿನ ಗುಟ್ಟು ಅಲ್ಲೇ ಇದೆ: ಒಂದು ತಿಂಗಳು ಅಡ್ಮಿಟ್ ಮಾಡಿ ಕೈಬಿಡೋದಿಲ್ಲ. ವರ್ಷಗಟ್ಟಲೆ, ಯಾವಾಗ ಅಂತ ಹೇಳದೆ ಮೂತ್ರ ಪರೀಕ್ಷೆಗೆ ಕರೆಯುತ್ತಾರೆ. ತಪ್ಪಿದರೆ ಕೆಲಸ ಬಂದ್, ಮತ್ತೆ ಚಿಕಿತ್ಸೆ.

ಹಾಸನ_ಬಿಡಿಎಸ್:
ಇಲ್ಲಿ ಹಾಗೆ ಕರೆಯೋರು ಯಾರು ಸರ್?

ಡಾಕ್ಟ್ರ_ಮನೆಯವರು:
ನಾವೇ ತಮ್ಮಾ. ನಮ್ಮವರೂ ಡೆಂಟಿಸ್ಟ್, ನಾಲ್ಕಾರು ವರ್ಷ ಇದೇ ಗೋಳು. ಆಸ್ಪತ್ರೆಯಿಂದ ಬಂದ ಮೇಲೆ ಮನೋವೈದ್ಯರು, ನಾನು, ಇನ್ನೊಬ್ಬ ಡೆಂಟಿಸ್ಟ್ ಸ್ನೇಹಿತರು ಕೂತು ಚೀಟಿಯಲ್ಲಿ ಬರೆದೆವು, ಅವರೂ ಸಹಿ ಹಾಕಿದರು. ಸ್ನೇಹಿತರು ಹೇಳಿದ ದಿನ ಟೆಸ್ಟ್, ಬೇಡ ಅಂದರೆ ಅವತ್ತು ಪೇಷಂಟ್ ಮುಟ್ಟೋ ಹಾಗಿಲ್ಲ. ಧರ್ಮಸ್ಥಳದ ಮದ್ಯವರ್ಜನ ಶಿಬಿರಕ್ಕೆ ಹೋಗಿ ಅಂದರೆ "ಪೇಷಂಟ್‌ಗಳೇ ಪಕ್ಕದಲ್ಲಿ ಕೂತಿರ್ತಾರೆ" ಅಂತ ಒಪ್ಪಲಿಲ್ಲ. ಬೆಂಗಳೂರಿನಲ್ಲಿ ಕುಡಿತ ಬಿಡುವವರೇ ಸೇರಿ ಮಾತಾಡುವ ಎಎ (ಆಲ್ಕೋಹಾಲಿಕ್ಸ್ ಅನಾನಿಮಸ್) ಮೀಟಿಂಗ್‌ಗೆ ಹೋದರು. ನಿಮ್ಮ ಸರ್ ಹತ್ತಿರ ಬೆಳಗ್ಗೆ, ಕುಡಿಯದೇ ಇರುವಾಗ, ಅವರ ಮನೆಯ ಮೇಡಂ ಜೊತೆಗಿದ್ದು ಮಾತಾಡಿ. "ಕುಡೀತೀರಾ" ಅನ್ನಬೇಡಿ, ಆ ಇಂಜೆಕ್ಷನ್ ವಿಷಯ ಹೇಳಿ. ಅಪಾಯಿಂಟ್‌ಮೆಂಟ್ ನೀವೇ ನೋಡಿಕೊಳ್ತೀರಿ, ಕ್ಲಿನಿಕ್ ಮುಚ್ಚಲ್ಲ ಅಂತ ಮೊದಲೇ ಹೇಳಿಬಿಡಿ, ನಮ್ಮವರು ಮಣಿದಿದ್ದು ಅದಕ್ಕೇ.

ಮನೋವೈದ್ಯೆ_ಚಿಕ್ಕಮಗಳೂರು:
ಒಪ್ಪದೆ ಹೋದರೆ? ಹಲ್ಲು ಕೀಳೋದು, ಸರ್ಜರಿ ಎಲ್ಲ ಇವತ್ತಿನಿಂದಲೇ ನಿಮ್ಮ ಕೈಗೆ ಬರಬೇಕು. ಅದಕ್ಕೂ ಬಗ್ಗದಿದ್ದರೆ ಕೌನ್ಸಿಲ್‌ಗೆ ಬರೆಯಲೇಬೇಕು, ಅಲ್ಲಿ ದಾಕ್ಷಿಣ್ಯ ಬೇಡ.

ಹಾಸನ_ಬಿಡಿಎಸ್:
ಮೇಡಂಗೆ ಈಗಲೇ ಫೋನ್ ಮಾಡಿದೆ. ಭಾನುವಾರ ಬೆಳಗ್ಗೆ ತಿಂಡಿಗೆ ಬಾ ಅಂದರು. ನಾಳೆಯ ಎರಡು ಎಕ್ಸ್‌ಟ್ರಾಕ್ಷನ್ ನನ್ನ ಹೆಸರಿಗೆ ಬರೆದುಕೊಂಡಿದ್ದೇನೆ.