ಟೊರೊಂಟೊದಲ್ಲಿರುವವರಿಗೆ: ಆಫೀಸಿನ ಡೈವರ್ಸಿಟಿ ಕಮಿಟಿಗೆ ಕರೀತಿದ್ದಾರೆ, ಸೇರಲಾ?

ಹಾಸನ್_ಹುಡ್ಗ
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಸಿವಿಲ್ ಇಂಜಿನಿಯರ್ ಆಗಿದ್ದೆ. ಇಲ್ಲಿಗೆ ಬಂದ ಹೊಸದರಲ್ಲಿ ಯಾವ ಇಂಟರ್‌ವ್ಯೂಗೆ ಹೋದರೂ ಒಂದೇ ಪ್ರಶ್ನೆ, ಕೆನಡಿಯನ್ ಎಕ್ಸ್‌ಪೀರಿಯೆನ್ಸ್ ಇದೆಯಾ? ಗೋಡೌನಿನಲ್ಲಿ ನೈಟ್ ಶಿಫ್ಟ್ ಪೆಟ್ಟಿಗೆ ಎತ್ತಿದ್ದೂ ಆಯಿತು. ಈಗ ಒಳ್ಳೆ ಕೆಲಸ ಇದೆ. ಎಲ್ಲ ಹಿನ್ನೆಲೆಯವರಿಗೂ ಸಮಾನ ಅವಕಾಶ ಸಿಗಲಿ ಅಂತ ಆಫೀಸಿನಲ್ಲಿ ಮಾಡಿರೋ ಕಮಿಟಿ ಇದೆ, ಅದಕ್ಕೆ ಬನ್ನಿ, ನಿಮ್ಮ ಕಥೆ ಹೇಳಿ ಅಂತ ಎಚ್‌ಆರ್‌ನವರು ಅಂತಿದ್ದಾರೆ. ಇದರಿಂದ ಏನಾದರೂ ಆಗುತ್ತಾ, ಇಲ್ಲ ದೀಪಾವಳಿಗೆ ಲಾಡು ಹಂಚಿ ಫೋಟೋಗೆ ನಿಲ್ಲೋದಷ್ಟೇನಾ?

ಮಿಸ್ಸಿಸಾಗಾ_ಅಕ್ಕ
ಸೇರಿ, ಆದರೆ ಕಥೆ ಹೇಳೋಕೆ ಅಲ್ಲ. ನಾನು ನೇಮಕಾತಿ ಕೆಲಸದಲ್ಲೇ ಇದ್ದೇನೆ. ಕೆನಡಾ ಅನುಭವ ಇರಲೇಬೇಕು ಅನ್ನೋದು ಮೇಲ್ನೋಟಕ್ಕೇ ತಾರತಮ್ಯ ಅಂತ ನಮ್ಮ ಪ್ರಾಂತ್ಯ ಒಂಟಾರಿಯೊದ ಮಾನವ ಹಕ್ಕುಗಳ ಆಯೋಗ 2013ರಲ್ಲೇ ಹೇಳಿತ್ತು. ಇಂಜಿನಿಯರ್ ಲೈಸೆನ್ಸಿಗೆ ಬೇಕಿದ್ದ ಒಂದು ವರ್ಷದ ಕೆನಡಾ ಅನುಭವವನ್ನೂ 2023ರಲ್ಲಿ ತೆಗೆದರು. 2026ರ ಜನವರಿ 1ರಿಂದ, 25 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಂಪನಿ ಕೆಲಸದ ಜಾಹೀರಾತಿನಲ್ಲಿ ಅದನ್ನು ಕೇಳುವಂತಿಲ್ಲ. ಜಾಹೀರಾತಿನಿಂದ ಹೋಯಿತು, ಸರಿ. ಇಂಟರ್‌ವ್ಯೂ ಮಾಡುವವರ ತಲೆಯಿಂದ ಹೋಗಬೇಕಲ್ಲ! 'ಇಲ್ಲಿ ಎಷ್ಟು ವರ್ಷ ಮಾಡಿದ್ದೀರಿ' ಅನ್ನೋದು ಬಿಟ್ಟು 'ಈ ಡ್ರಾಯಿಂಗ್ ನೋಡಿ, ಎಲ್ಲಿ ತಪ್ಪಿದೆ ಹೇಳಿ' ಅಂತ ಕೇಳಿಸಿ. ಆ ಬಾಗಿಲಲ್ಲಿ ನಿಂತು ವಾಪಸ್ ಬಂದವರಿಗೇ ಇದು ಬೇಗ ಹೊಳೆಯೋದು.

ಸುಮ್ನೆ_ಓದುವವ
ಅಕ್ಕ ಹೇಳಿದ್ದಕ್ಕೆ ಇನ್ನೊಂದು. ಟೊರೊಂಟೊ ವಿಶ್ವವಿದ್ಯಾಲಯದ ಫಿಲಿಪ್ ಒರಿಯೊಪೌಲಸ್ ಸಾವಿರಾರು ಕಾಲ್ಪನಿಕ ರೆಸ್ಯೂಮೆ ಕಳಿಸಿ ನೋಡಿದ್ದರು. ಓದು, ಕೆಲಸ ಎಲ್ಲ ಒಂದೇ ಥರ ಇದ್ದರೂ ಇಂಗ್ಲಿಷ್ ಹೆಸರಿನವಕ್ಕೇ ಜಾಸ್ತಿ ಕರೆ ಬಂತು. ಅದಕ್ಕೇ ಮೊದಲ ಸುತ್ತಿನಲ್ಲಿ ಹೆಸರು ಮುಚ್ಚಿ ಅಂತ ಕೇಳಿ. ಮತ್ತೆ ಮೀಟಿಂಗ್ ಆಫೀಸ್ ಟೈಮಲ್ಲೇ ಇರಲಿ. ಊಟ ಬಿಟ್ಟು ಪುಕ್ಕಟೆ ದುಡಿಯೋಕೆ ನಮ್ಮವರನ್ನೇ ಹುಡುಕುತ್ತಾರೆ.

ಕೋಲಾರ_ಟು_ಸ್ಕಾರ್ಬರೋ
ಬಿಳಿಯರದ್ದಷ್ಟೇ ಮಾತಾಡಿದರೆ ಅರ್ಧ ಕೆಲಸ. ಹೊಸಬರು ಬಂದ ಕೂಡಲೇ 'ನಿಮ್ಮ ಸರ್‌ನೇಮ್ ಏನು, ಊರಲ್ಲಿ ಯಾವ ಬೀದಿ, ನಾನ್‌ವೆಜ್ ತಿಂತೀರಾ' ಅಂತ ಸುತ್ತಿ ಬಳಸಿ ಜಾತಿ ಹುಡುಕುವವರು ಯಾರು? ನಾವೇ ಅಲ್ವಾ? 2023ರಲ್ಲಿ ಟೊರೊಂಟೊ ಶಾಲಾ ಮಂಡಳಿ ಇದನ್ನು ಚರ್ಚೆಗೆ ತಂದು ವೋಟ್ ಮಾಡಿತು. ಜಾತಿ ತಾರತಮ್ಯವೂ ಕಾನೂನಿನ ವ್ಯಾಪ್ತಿಗೆ ಬರುತ್ತೆ ಅಂತ ಅದೇ ವರ್ಷ ಮಾನವ ಹಕ್ಕುಗಳ ಆಯೋಗವೂ ಹೇಳಿತು. ನಿಮ್ಮ ಕಮಿಟಿಯ ಪಾಲಿಸಿಯಲ್ಲಿ ಆ ಪದ ಇದೆಯಾ ನೋಡಿ.

ಹಾಸನ್_ಹುಡ್ಗ
ಜಾತಿ ಅಂತ ಬಾಯಿ ಬಿಟ್ಟರೆ ಮೊದಲು ಮುಖ ಊದಿಸುವವರು ನಮ್ಮ ಟೀಮಿನ ದೇಸಿಗಳೇ. ಆದರೂ ಪಾಲಿಸಿ ತೆಗೆದು ನೋಡ್ತೀನಿ. ಅಕ್ಕ, ಆ ಡ್ರಾಯಿಂಗ್ ಥರದ ಪ್ರಶ್ನೆಗಳು ಇನ್ನೂ ಇದ್ದರೆ ಕಳಿಸ್ತೀರಾ? ಸೋಮವಾರ ಎಚ್‌ಆರ್ ಜೊತೆ ಮೀಟಿಂಗ್ ಇದೆ.